ಅಗ್ಗದ ಮದರ್‌ಬೋರ್ಡ್‌ಗಳಲ್ಲಿ ಯಾವುದರ ಬಯೋಸ್ ಬಳಸಲು ಸುಲಭ?

ಪ್ರಶ್ನೆ: ಮನೆಯ ಬಳಕೆಗೆ ಒಂದು ಕಂಪ್ಯೂಟರನ್ನು ನಾನೇ ಜೋಡಿಸಬೇಕೆಂದಿದ್ದೇನೆ. ಆಸುಸ್, ಎಂಎಸ್‌ಐ, ಗಿಗಾಬೈಟ್, ಎಎಸ್‌ರಾಕ್ ಈ ನಾಲ್ಕರಲ್ಲಿ ಒಂದರ ಕಡಿಮೆ ಬೆಲೆಯ ಮದರ್‌ಬೋರ್ಡ್ ಕೊಳ್ಳುವ ಯೋಚನೆ. ವಿವರಗಳ ಪಟ್ಟಿಯಲ್ಲಿ ನಾಲ್ಕೂ ಒಂದೇ ರೀತಿ ಕಾಣುತ್ತವೆ. ನನಗಿರುವ ಅಳುಕು ಬಯೋಸ್ ಬಗ್ಗೆ, ಅಂದರೆ ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ ಮತ್ತು ಅದರ ಸೆಟಪ್ ಪರದೆಯ ಬಗ್ಗೆ. ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹಾಕಲು ಹೊರಟು, ಯಾರೋ ಹೇಳಿದರೆಂದು ಸಿಎಸ್‌ಎಂ ಎಂಬ ಆಯ್ಕೆಯನ್ನು ಆಫ್ ಮಾಡಿದೆ. ಅಂದಿನಿಂದ ಪರದೆ ಕಪ್ಪು. ಫ್ಯಾನ್ ತಿರುಗುತ್ತದೆ, ಬೇರೇನೂ ಕಾಣುವುದಿಲ್ಲ. ಆ ಪೆಟ್ಟಿಗೆ ಈಗಲೂ ಮೂಲೆಯಲ್ಲಿದೆ. ಹೊಸಬರಿಗೆ ಯಾವ ಕಂಪನಿಯ ಸೆಟಪ್ ಪರದೆ ಸುಲಭ? ಅಗ್ಗದ ಬೋರ್ಡ್ ಕೊಂಡರೆ ಈ ವಿಷಯದಲ್ಲಿ ಏನಾದರೂ ಕಳೆದುಕೊಳ್ಳುತ್ತೇನೆಯೆ?

ಉತ್ತರ: ಪರದೆ ಕಪ್ಪಾದ ನಿಮ್ಮ ಆ ಅನುಭವವೇ ಈ ಪ್ರಶ್ನೆಗೆ ಸರಿಯಾದ ಅಳತೆಗೋಲು. ಬಯೋಸ್‌ಗಳನ್ನು ಹೋಲಿಸುವವರಲ್ಲಿ ಹೆಚ್ಚಿನವರು ಮೊದಲ ಪರದೆಯ ಅಂದ ನೋಡಿ ಅಂಕ ಕೊಡುತ್ತಾರೆ. ನಾನು ನೋಡುವುದು ಎರಡು ಸಂಗತಿಗಳನ್ನು: ತಪ್ಪು ಮಾಡುವ ಮುನ್ನ ಅದು ನಮ್ಮನ್ನು ಎಷ್ಟು ಎಚ್ಚರಿಸುತ್ತದೆ, ತಪ್ಪಾದ ಮೇಲೆ ಹಿಂದಿರುಗುವ ದಾರಿ ಎಷ್ಟು ಹತ್ತಿರದಲ್ಲಿದೆ. ಈ ಪರದೆಗೆ ನಾವು ವರ್ಷಕ್ಕೆ ಎರಡೋ ಮೂರೋ ಸಲ ಹೋಗುತ್ತೇವೆ. ಅಷ್ಟರಲ್ಲಿ ಕೈ ಪಳಗುವುದಿಲ್ಲ. ಪ್ರತಿ ಸಲವೂ ಹೊಸಬರಾಗಿಯೇ ಒಳಗೆ ಕಾಲಿಡುತ್ತೇವೆ. ಹಾಗಾಗಿ ಪಳಗಿದವರಿಗೆ ವೇಗವಾಗಿರುವ ಮೆನುವಿಗಿಂತ, ಮರೆತವರಿಗೂ ದಾರಿ ತೋರಿಸುವ ಮೆನು ಮೇಲು.

ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಸಮಾಧಾನದ ಉತ್ತರವಿದೆ. ನಾವು ರೂಢಿಯಲ್ಲಿ ಬಯೋಸ್ ಎಂದು ಕರೆಯುವುದು ಇಂದು ನಿಜವಾಗಿ ಯುಇಎಫ್‌ಐ ಎಂಬ ಹೊಸ ಮಾದರಿಯ ಫರ್ಮ್‌ವೇರ್, ಅಂದರೆ ಬೋರ್ಡಿನ ಚಿಪ್ಪಿನಲ್ಲೇ ಕೂತಿರುವ ತಂತ್ರಾಂಶ. ಈ ನಾಲ್ಕೂ ಕಂಪನಿಗಳು ಬಹುಪಾಲು ಅಮೆರಿಕನ್ ಮೆಗಾಟ್ರೆಂಡ್ಸ್ ಸಂಸ್ಥೆಯ ಆಪ್ಟಿಯೋ ಎಂಬ ಒಂದೇ ತಳಹದಿಯ ಮೇಲೆ ತಮ್ಮ ತಮ್ಮ ಪರದೆಗಳನ್ನು ಕಟ್ಟಿಕೊಂಡಿವೆ. ಒಂದು ಕಂಪನಿ ತನ್ನ ಅತ್ಯಂತ ದುಬಾರಿ ಬೋರ್ಡಿಗೂ ಅಗ್ಗದ ಬೋರ್ಡಿಗೂ ಬಳಸುವುದು ಹೆಚ್ಚುಕಡಿಮೆ ಅದೇ ಪರದೆ, ಅದೇ ಕೀಲಿಗಳು, ಅದೇ ಮೆನು ಜೋಡಣೆ. ಬಣ್ಣ ಬದಲಾಗಬಹುದು, ಕೆಲವು ಆಯ್ಕೆಗಳು ಇಲ್ಲದಿರಬಹುದು. ಬೆಲೆ ಇಳಿದಂತೆ ಕಡಿತವಾಗುವುದು ಬೋರ್ಡಿನ ಮೇಲಿನ ಬಟನ್ನುಗಳು, ಸೂಚನಾ ದೀಪಗಳು, ಫ್ಯಾನ್ ಜೋಡಣೆಗಳು ಮತ್ತು ಫರ್ಮ್‌ವೇರ್ ಕೂರುವ ಚಿಪ್ಪಿನ ಗಾತ್ರ.

ಆ ಚಿಪ್ಪಿನ ಗಾತ್ರ ಎಂಥ ವ್ಯತ್ಯಾಸ ಮಾಡಬಲ್ಲದು ಎಂಬುದಕ್ಕೆ 2019ರ ಒಂದು ಪ್ರಸಂಗ ನೋಡಿ. ಎಎಂಡಿಯ ಎಎಂ4 ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ, ಹಲವು ಪೀಳಿಗೆಯ ಪ್ರೊಸೆಸರ್‌ಗಳನ್ನು ಹೊತ್ತುಕೊಂಡಿತ್ತು. ಆ ವರ್ಷ ರೈಜನ್ 3000 ಸಾಲು ಬಂದಾಗ, 16 ಎಂಬಿ ಚಿಪ್ ಇದ್ದ ಎಂಎಸ್‌ಐ ಬೋರ್ಡ್‌ಗಳಲ್ಲಿ ಹಳೆಯ ಹೊಸ ಪ್ರೊಸೆಸರ್‌ಗಳೆಲ್ಲದರ ಸಂಕೇತವನ್ನೂ ಚಿತ್ರಮಯ ಪರದೆಯನ್ನೂ ಒಟ್ಟಿಗೆ ಇರಿಸಲು ಜಾಗ ಸಾಲಲಿಲ್ಲ. ಕಂಪನಿ ಚಿತ್ರಮಯ ಪರದೆಯನ್ನು ಕೈಬಿಟ್ಟು, ಜಿಎಸ್‌ಇ ಲೈಟ್ ಎಂಬ ಬರೀ ಅಕ್ಷರಗಳ ಪರದೆಯನ್ನು ಕೊಟ್ಟಿತು. ಕೊಂಡಾಗ ಇದ್ದ ಅಂದದ ಮೆನು ಒಂದು ಅಪ್‌ಡೇಟ್ ಹಾಕಿದೊಡನೆ ಮಾಯವಾಯಿತು. ಅನಂತರ ಅದೇ ಬೋರ್ಡ್‌ಗಳು ಮ್ಯಾಕ್ಸ್ ಎಂಬ ಬಾಲಂಗೋಚಿಯೊಂದಿಗೆ 32 ಎಂಬಿ ಚಿಪ್ ಹಾಕಿಕೊಂಡು ಮರಳಿ ಬಂದವು. ಬಳಕೆಯ ಸುಖ ಒಂದು ಪುಟ್ಟ ಚಿಪ್ಪಿನ ಧಾರಣಶಕ್ತಿಗೆ ಕಟ್ಟುಬಿದ್ದಿದ್ದ ಆ ಸಂದರ್ಭವನ್ನು ನಾನು ಮರೆತಿಲ್ಲ. ಇಂದಿಗೂ ಎಎಂ4 ಬೋರ್ಡ್ ಕೊಳ್ಳುವವರು ವಿವರಪಟ್ಟಿಯಲ್ಲಿ ಬಯೋಸ್ ಎಂಬ ಸಾಲನ್ನು ಓದಬೇಕು. ಅಲ್ಲಿ 128 ಎಂಬಿಟ್ ಎಂದಿದ್ದರೆ ಅದು 16 ಎಂಬಿ, 256 ಎಂಬಿಟ್ ಎಂದಿದ್ದರೆ 32 ಎಂಬಿ.

ಇನ್ನೊಂದು ಎಚ್ಚರಿಕೆ. ಮೆನುವಿನಲ್ಲಿ ಯಾವುದೋ ಆಯ್ಕೆ ಇಲ್ಲವೆಂದ ಮಾತ್ರಕ್ಕೆ ಪರದೆ ಕೆಟ್ಟದ್ದಲ್ಲ. ಬೋರ್ಡ್ ಏನೇನು ಮಾಡಬಲ್ಲದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಮೇಲಿನ ಚಿಪ್‌ಸೆಟ್. ಇಂಟೆಲ್ ಎಚ್610 ಚಿಪ್‌ಸೆಟ್ ಮೆಮೊರಿಯ ವೇಗವನ್ನು ಏರಿಸಲು ಬಿಡುವುದಿಲ್ಲ, ಬಿ660 ಮತ್ತು ಬಿ760 ಬಿಡುತ್ತವೆ. ಎಎಂಡಿಯ ಎ520, ಎ620ಗಳಲ್ಲಿ ಪ್ರೊಸೆಸರಿನ ವೇಗವನ್ನು ಕೈಯಾರೆ ಏರಿಸುವ ಅವಕಾಶವಿಲ್ಲ. ಚಿಪ್‌ಸೆಟ್ ಕೊಡದಿರುವುದನ್ನು ಮೆನು ಎಲ್ಲಿಂದ ತರಬೇಕು? ಕಡಿಮೆ ಆಯ್ಕೆಗಳಿರುವ ಮೆನು ಹೊಸಬರಿಗೆ ಎಷ್ಟೋ ಸಲ ಒಳ್ಳೆಯದೇ.

ಈಗ ಪರದೆಗಳಿಗೆ ಬರೋಣ. ಕಂಪ್ಯೂಟರ್ ಆನ್ ಆಗುವಾಗ ನಾಲ್ಕರಲ್ಲೂ ಡಿಲೀಟ್ ಒತ್ತಿದರೆ ಸೆಟಪ್ ತೆರೆಯುತ್ತದೆ. ನಾಲ್ಕಕ್ಕೂ ಒಂದು ಸರಳ ಮುಖ, ಒಂದು ವಿಸ್ತೃತ ಮುಖ ಇವೆ. ಅವುಗಳ ನಡುವೆ ಓಡಾಡುವ ಕೀಲಿ ಆಸುಸ್ ಮತ್ತು ಎಂಎಸ್‌ಐಗಳಲ್ಲಿ ಎಫ್7, ಗಿಗಾಬೈಟ್‌ನಲ್ಲಿ ಎಫ್2, ಎಎಸ್‌ರಾಕ್‌ನಲ್ಲಿ ಎಫ್6. ಮೂಲ ಸ್ಥಿತಿಗೆ ಮರಳಿಸುವ ಕೀಲಿಯಂತೂ ನಾಲ್ಕರಲ್ಲಿ ನಾಲ್ಕು ತೆರ: ಆಸುಸ್‌ನಲ್ಲಿ ಎಫ್5, ಎಂಎಸ್‌ಐನಲ್ಲಿ ಎಫ್6, ಗಿಗಾಬೈಟ್‌ನಲ್ಲಿ ಎಫ್7, ಎಎಸ್‌ರಾಕ್‌ನಲ್ಲಿ ಎಫ್9. ಒಂದೇ ತಳಹದಿಯ ಮೇಲೆ ಕಟ್ಟಿದ ಮನೆಗಳಿಗೆ ಬಾಗಿಲನ್ನು ನಾಲ್ಕು ದಿಕ್ಕಿಗೆ ಇಟ್ಟಿರುವುದು ನನಗೆ ಇಂದಿಗೂ ಬೇಸರದ ವಿಷಯ. ಉಳಿಸಿ ಹೊರಬರುವ ಎಫ್10, ಪರದೆಯ ಚಿತ್ರವನ್ನು ಪೆನ್‌ಡ್ರೈವಿಗೆ ಇಳಿಸುವ ಎಫ್12 ಮಾತ್ರ ಎಲ್ಲರಲ್ಲೂ ಒಂದೇ.

ಆಸುಸ್‌ನ ವಿಸ್ತೃತ ಮುಖ ನನ್ನ ದೃಷ್ಟಿಯಲ್ಲಿ ಓದಲು ಎಲ್ಲಕ್ಕಿಂತ ಹಗುರ. ಎಡಗಡೆ ಸಾಲಾಗಿ ಆಯ್ಕೆಗಳು, ಕೆಳಗೆ ಆ ಆಯ್ಕೆಯ ವಿವರಣೆ, ಬಲಗಡೆ ತಾಪಮಾನ ಮತ್ತು ವೋಲ್ಟೇಜ್. ಕಣ್ಣು ಎಲ್ಲಿಗೆ ಹೋಗಬೇಕೆಂದು ಗೊಂದಲವಿಲ್ಲ. ಇತ್ತೀಚಿನ ಬೋರ್ಡ್‌ಗಳಲ್ಲಿ ಎಫ್9 ಒತ್ತಿ ಹೆಸರಿನಿಂದಲೇ ಆಯ್ಕೆಯನ್ನು ಹುಡುಕಬಹುದು. ಮರೆತವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಎಂಎಸ್‌ಐನಲ್ಲೂ ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ಹುಡುಕಾಟ ಸಿಗುತ್ತದೆ. ಎಂಎಸ್‌ಐನ ಬಲವಿರುವುದು ಸರಳ ಮುಖದಲ್ಲಿ. ಮೆಮೊರಿಯನ್ನು ಅದರ ಪೂರ್ಣ ವೇಗಕ್ಕೆ ಹೊಂದಿಸುವ ಮೆಮೊರಿ ಪ್ರೊಫೈಲನ್ನು ಆನ್ ಮಾಡುವ ಗುಂಡಿ ಕಣ್ಣೆದುರಿಗೇ ಇರುತ್ತದೆ. ಯಾವ ಡಿಸ್ಕಿನಿಂದ ಮೊದಲು ಶುರುವಾಗಬೇಕು ಎಂಬುದನ್ನು ಮೇಲ್ಭಾಗದ ಚಿಹ್ನೆಗಳನ್ನು ಎಳೆದು ಜೋಡಿಸಬಹುದು. ಬಹಳ ಜನರಿಗೆ ಇಡೀ ಸೆಟಪ್ ಕೆಲಸ ಆ ಒಂದು ಪುಟದಲ್ಲೇ ಮುಗಿಯುತ್ತದೆ. ವಿಸ್ತೃತ ಮುಖಕ್ಕೆ ಹೋದರೆ ಮಾತ್ರ ಸುತ್ತಲೂ ದೊಡ್ಡ ಗುಂಡಿಗಳು ಕುಳಿತು, ನಡುವಿನ ಪಟ್ಟಿ ಇಕ್ಕಟ್ಟಾಗುತ್ತದೆ.

ಗಿಗಾಬೈಟ್ ವರ್ಷಗಳಿಂದ ಸುಧಾರಿಸುತ್ತ ಬಂದಿದೆ. ಹಳೆಯ ಬೋರ್ಡ್‌ಗಳಲ್ಲಿ ಎಂ.ಐ.ಟಿ. ಎಂಬ ಹೆಸರಿನ ಮೆನು ಇತ್ತು. ಒಳಗೇನಿದೆ ಎಂದು ಹೆಸರಿನಿಂದ ಊಹಿಸಲು ಸಾಧ್ಯವೇ ಇರಲಿಲ್ಲ. ಈಗ ಅದು ಟ್ವೀಕರ್ ಆಗಿದೆ, ವಿಭಾಗಗಳೂ ಕಡಿಮೆಯಾಗಿವೆ. ಆದರೂ ಬೇಕಾದದ್ದು ಒಂದು ಮೆಟ್ಟಿಲು ಕೆಳಗೇ ಸಿಗುವ ಅಭ್ಯಾಸ ಪೂರ್ತಿ ಹೋಗಿಲ್ಲ. ಎಎಸ್‌ರಾಕ್ ಪರದೆ ನೋಡಲು ಹಳತಾಗಿ ಕಾಣುತ್ತದೆ, ಆದರೆ ಅದರ ವಿಂಗಡಣೆ ನೇರ. ಭದ್ರತೆಗೆ ಸೆಕ್ಯುರಿಟಿ, ತಾಪಮಾನಕ್ಕೆ ಹಾರ್ಡ್‌ವೇರ್ ಮಾನಿಟರ್, ಅಪ್‌ಡೇಟ್‌ಗೆ ಟೂಲ್. ಕೀಬೋರ್ಡಿನ ಬಾಣದ ಕೀಲಿಗಳಿಂದಲೇ ಓಡಾಡುವವರಿಗೆ ನಾನು ಅದನ್ನು ಧಾರಾಳವಾಗಿ ಹೇಳುತ್ತೇನೆ.

ಜೋಡಣೆಯ ಗುಣ ತಿಳಿಯಬೇಕಾದರೆ ಒಂದೇ ಕೆಲಸವನ್ನು ನಾಲ್ಕರಲ್ಲೂ ಮಾಡಿ ನೋಡಬೇಕು. ನಾನು ಆರಿಸಿಕೊಳ್ಳುವುದು ಎಎಂಡಿ ಬೋರ್ಡಿನ ವರ್ಚುವಲೈಸೇಷನ್. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸಲು ಇದು ಬೇಕು, ಎಷ್ಟೋ ಬೋರ್ಡ್‌ಗಳಲ್ಲಿ ಆಫ್ ಆಗಿಯೇ ಬರುತ್ತದೆ. ಮೊದಲ ತೊಡಕು ಹೆಸರಿನದು. ಅದು ಎಸ್‌ವಿಎಂ ಮೋಡ್ ಎಂದಿರುತ್ತದೆ, ವರ್ಚುವಲೈಸೇಷನ್ ಎಂಬ ಪದ ಆ ಸಾಲಿನಲ್ಲಿ ಇರುವುದೇ ಇಲ್ಲ. ಆಸುಸ್ ಮತ್ತು ಎಎಸ್‌ರಾಕ್‌ಗಳಲ್ಲಿ ಅಡ್ವಾನ್ಸ್ಡ್ ಒಳಗೆ ಸಿಪಿಯು ಕಾನ್ಫಿಗರೇಷನ್ ತೆರೆದರೆ ಸಿಗುತ್ತದೆ. ಇದು ಯಾರಾದರೂ ಊಹಿಸಬಹುದಾದ ಜಾಗ. ಎಂಎಸ್‌ಐ ಇದನ್ನು ಓವರ್‌ಕ್ಲಾಕಿಂಗ್, ಅಂದರೆ ನಿಗದಿತ ವೇಗವನ್ನು ಮೀರಿ ಏರಿಸುವ ವಿಭಾಗದಲ್ಲಿ ಇಟ್ಟಿದೆ. ಗಿಗಾಬೈಟ್ ಟ್ವೀಕರ್‌ನೊಳಗಿನ ಸಿಪಿಯು ಸೆಟ್ಟಿಂಗ್ಸ್‌ನಲ್ಲಿ ಇಟ್ಟಿದೆ. ಓವರ್‌ಕ್ಲಾಕ್ ಮಾಡುವ ಯೋಚನೆಯೇ ಇಲ್ಲದವರು, ಆ ವಿಭಾಗವನ್ನು ಮುಟ್ಟಬೇಡಿ ಎಂದು ಎಲ್ಲೆಡೆ ಓದಿದವರು ಅಲ್ಲಿಗೆ ಹೋಗಿ ಹುಡುಕುತ್ತಾರೆಯೆ? ಅವರು ಉಳಿದ ಎಲ್ಲ ಪುಟಗಳನ್ನೂ ತಡಕಾಡಿ, ತಮ್ಮ ಬೋರ್ಡಿಗೆ ಆ ಸೌಲಭ್ಯವೇ ಇಲ್ಲವೆಂದು ಕೈಚೆಲ್ಲುತ್ತಾರೆ. ಇಂಥವರನ್ನು ನಾನು ಹಲವು ಸಲ ಕಂಡಿದ್ದೇನೆ. ತಪ್ಪು ಅವರದ್ದಲ್ಲ.

ಮೆಮೊರಿ ಪ್ರೊಫೈಲ್‌ನ ಹೆಸರೂ ಹೀಗೆಯೇ ಕಾಡುತ್ತದೆ. 3200 ಎಂದು ಮುದ್ರಿಸಿರುವ ಎಷ್ಟೋ ಡಿಡಿಆರ್4 ಮಾದರಿಯ ಮೆಮೊರಿ ಪಟ್ಟಿಗಳು ಪ್ರೊಫೈಲ್ ಆನ್ ಮಾಡುವ ತನಕ 2133ರಲ್ಲೋ 2400ರಲ್ಲೋ ಓಡುತ್ತವೆ. ದುಡ್ಡು ಕೊಟ್ಟು ಕೊಂಡ ವೇಗವನ್ನು ವರ್ಷಗಟ್ಟಲೆ ಬಳಸದೆಯೇ ಕಳೆಯುವವರಿದ್ದಾರೆ. ಇಂಟೆಲ್ ಇದನ್ನು ಎಕ್ಸ್‌ಎಂಪಿ ಎನ್ನುತ್ತದೆ. ಮುಂದಿನ ಪೀಳಿಗೆಯ ಡಿಡಿಆರ್5 ಮೆಮೊರಿಗೆ ಎಎಂಡಿ 2022ರಲ್ಲಿ ತಂದದ್ದು ಎಕ್ಸ್‌ಪೋ. ಎಎಂ4 ಕಾಲದಲ್ಲಿ ಆಸುಸ್ ತನ್ನ ಎಎಂಡಿ ಬೋರ್ಡ್‌ಗಳಲ್ಲಿ ಡಿಓಸಿಪಿ ಎಂದು, ಎಂಎಸ್‌ಐ ಎ-ಎಕ್ಸ್‌ಎಂಪಿ ಎಂದು ಕರೆದವು. ಮಾಡುವ ಕೆಲಸ ಒಂದೇ. ಯಾವ ಹೆಸರು ಕಂಡರೂ ಗಾಬರಿ ಬೇಡ.

ಫ್ಯಾನ್ ನಿಯಂತ್ರಣದ ಮಾತು ಸಂಕ್ಷೇಪದಲ್ಲಿ ಮುಗಿಸುತ್ತೇನೆ. ನಾಲ್ಕರಲ್ಲೂ ಗೆರೆಯ ಮೇಲಿನ ಬಿಂದುಗಳನ್ನು ಎಳೆದು, ಎಷ್ಟು ಬಿಸಿಗೆ ಎಷ್ಟು ವೇಗ ಎಂದು ನಿಗದಿ ಮಾಡಬಹುದು. ಎಂಎಸ್‌ಐನ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ಎಲ್ಲ ಫ್ಯಾನ್‌ಗಳೂ ಒಂದೇ ಕಡೆ ಸಿಗುವುದರಿಂದ ಅದೇ ನನಗೆ ಮೆಚ್ಚು. ಮೂರು ಪಿನ್ನಿನ ಫ್ಯಾನ್ ಹಾಕಿದ್ದು ಅದು ಸದಾ ಪೂರ್ಣ ವೇಗದಲ್ಲಿ ಮೊರೆಯುತ್ತಿದ್ದರೆ, ಅದೇ ಪುಟದಲ್ಲಿ ಆ ಜೋಡಣೆಯ ನಿಯಂತ್ರಣ ವಿಧಾನವನ್ನು ಪಿಡಬ್ಲ್ಯುಎಂನಿಂದ, ವೋಲ್ಟೇಜ್ ತಗ್ಗಿಸಿ ವೇಗ ಇಳಿಸುವ ಡಿಸಿಗೆ ಬದಲಿಸಿ.

ಸೆಕ್ಯೂರ್ ಬೂಟ್, ಅಂದರೆ ನಂಬಬಹುದಾದ ಡಿಜಿಟಲ್ ಸಹಿ ಇರುವ ತಂತ್ರಾಂಶ ಮಾತ್ರ ಶುರುವಾಗಲು ಬಿಡುವ ಕಾವಲು, ಸಂಕ್ಷೇಪಕ್ಕೆ ಒಗ್ಗುವ ವಿಷಯವಲ್ಲ. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದು ಟಿಪಿಎಂ 2.0 (ರಹಸ್ಯ ಕೀಗಳನ್ನು ಕಾಪಾಡುವ ಭದ್ರತಾ ಘಟಕ) ಮತ್ತು ಸೆಕ್ಯೂರ್ ಬೂಟ್‌ಗೆ ಒಗ್ಗುವ ಫರ್ಮ್‌ವೇರ್ ಕೇಳಿದ ಮೇಲೆ, ಬಯೋಸನ್ನು ಎಂದೂ ತೆರೆಯದಿದ್ದವರೂ ತೆರೆಯಬೇಕಾಯಿತು. ಟಿಪಿಎಂ ಎಂಬ ಪದವನ್ನು ಹುಡುಕಿ ಹೋದವರಿಗೆ ಇಂಟೆಲ್ ಬೋರ್ಡ್‌ಗಳಲ್ಲಿ ಕಂಡದ್ದು ಪಿಟಿಟಿ, ಎಎಂಡಿ ಬೋರ್ಡ್‌ಗಳಲ್ಲಿ ಎಫ್‌ಟಿಪಿಎಂ. ಆಸುಸ್‌ನ ಸೆಕ್ಯೂರ್ ಬೂಟ್ ಪುಟದಲ್ಲಿ ಆನ್, ಆಫ್ ಎಂಬ ಮಾತಿನ ಬದಲು ಓಎಸ್ ಟೈಪ್ ಎಂದಿದ್ದು, ವಿಂಡೋಸ್ ಯುಇಎಫ್‌ಐ ಮೋಡ್ ಅಥವಾ ಅದರ್ ಓಎಸ್ ಎಂದು ಆಯ್ದುಕೊಳ್ಳಬೇಕು. ನಾನು ಹೊಗಳಿದ ಕಂಪನಿಯೇ ಇಲ್ಲಿ ಎಡವಿದೆ. ಗಿಗಾಬೈಟ್‌ನಲ್ಲಿ ಸಿಎಸ್‌ಎಂ ಆಫ್ ಆಗುವ ತನಕ ಸೆಕ್ಯೂರ್ ಬೂಟ್ ಕೈಗೆಟುಕುವುದಿಲ್ಲ. ಆನ್ ಮಾಡಿದ ಮೇಲೂ ಪಕ್ಕದಲ್ಲಿ ನಾಟ್ ಆಕ್ಟಿವ್ ಎಂದು ಕಂಡರೆ ಕಾರ್ಖಾನೆಯ ಕೀಗಳನ್ನು ಮರುಸ್ಥಾಪಿಸಬೇಕು. ಹಾಗೆಂದು ಪುಟದ ಮೇಲೆ ಯಾರೂ ಬರೆದಿಟ್ಟಿಲ್ಲ.

ಇದಕ್ಕಿಂತ ಗಂಭೀರವಾದದ್ದು 2023ರ ಜನವರಿಯಲ್ಲಿ ಬಯಲಾಯಿತು. ಎಂಎಸ್‌ಐನ 290ಕ್ಕೂ ಹೆಚ್ಚು ಮಾದರಿಗಳಲ್ಲಿ ಸೆಕ್ಯೂರ್ ಬೂಟ್ ಆನ್ ಎಂದೇ ತೋರುತ್ತಿತ್ತು, ಆದರೆ ಒಳಗಿನ ಒಂದು ಉಪಮೆನುವಿನಲ್ಲಿ ಏನೇ ಬಂದರೂ ಓಡಿಸು ಎಂಬ ನೀತಿ ಮೊದಲೇ ನಿಗದಿಯಾಗಿತ್ತು. ಸಹಿ ಸರಿಯಿಲ್ಲದ ತಂತ್ರಾಂಶವನ್ನೂ ತಡೆಯುತ್ತಿರಲಿಲ್ಲ. ಬಳಕೆದಾರರಿಗೆ ಅನುಕೂಲವಾಗಲೆಂದು ಹಾಗೆ ಇಟ್ಟಿದ್ದೆವು ಎಂದು ಕಂಪನಿ ಹೇಳಿ, ಬದಲಿಸಿದ ಬಯೋಸ್ ಕೊಡುವುದಾಗಿ ಪ್ರಕಟಿಸಿತು. ಬಳಕೆಯ ಸುಲಭತೆಯ ಹೆಸರಿನಲ್ಲಿ ಇದನ್ನು ಒಪ್ಪಲು ನನಗೆ ಮನಸ್ಸಿಲ್ಲ. ಆನ್ ಎಂದು ಬರೆದ ಮೇಲೆ ಅದು ಆನ್ ಆಗಿರಲೇಬೇಕು. ಅಕ್ಷರ ಎಷ್ಟೇ ದೊಡ್ಡದಿರಲಿ, ಬಣ್ಣ ಎಷ್ಟೇ ಹಿತವಾಗಿರಲಿ, ಸುಳ್ಳು ಹೇಳುವ ಪರದೆಯನ್ನು ಸುಲಭ ಎನ್ನಲಾಗದು.

ಎಚ್ಚರಿಸುವ ಗುಣದ ಬಗ್ಗೆ ಆರಂಭದಲ್ಲೇ ಹೇಳಿದೆನಲ್ಲ, ಅದಕ್ಕೆ ಎಫ್10 ಒತ್ತಿದ ಕ್ಷಣವೇ ಪರೀಕ್ಷೆ. ಆಸುಸ್ ಮತ್ತು ಎಂಎಸ್‌ಐಗಳು ಉಳಿಸುವ ಮೊದಲು ಒಂದು ಪಟ್ಟಿ ತೋರಿಸುತ್ತವೆ: ಯಾವ ಆಯ್ಕೆ, ಮೊದಲು ಏನಿತ್ತು, ಈಗ ಏನಾಗಿದೆ. ಕೈತಪ್ಪಿ ಬೇರೆ ಸಾಲು ಬದಲಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ನನ್ನ ಪಾಲಿಗೆ ಇಡೀ ಸೆಟಪ್ಪಿನಲ್ಲಿ ಇದೇ ಅತ್ಯಂತ ಅಮೂಲ್ಯವಾದ ಪುಟ. ಉಳಿದೆರಡು ಕಂಪನಿಗಳ ಎಲ್ಲ ಮಾದರಿಗಳಲ್ಲೂ ಇದನ್ನು ನಿರೀಕ್ಷಿಸಬೇಡಿ. ಪಟ್ಟಿ ಬಂದಾಗ ಮೊಬೈಲಿನಿಂದ ಒಂದು ಫೋಟೊ ತೆಗೆದಿಡಿ. ಪ್ರೊಫೈಲ್ ಆಗಿ ಉಳಿಸಿದ್ದೇನೆ, ಸಾಕು ಎಂದುಕೊಳ್ಳಬೇಡಿ. ನಾನು ಒಂದು ಇಡೀ ಸಂಜೆ ಕುಳಿತು ಫ್ಯಾನ್ ಗೆರೆಗಳನ್ನು ಹದಗೊಳಿಸಿ ಬೋರ್ಡಿನಲ್ಲೇ ಪ್ರೊಫೈಲ್ ಉಳಿಸಿಟ್ಟಿದ್ದೆ. ಬಯೋಸ್ ಅಪ್‌ಡೇಟ್ ಆದ ಮೇಲೆ ಹೊಸ ಆವೃತ್ತಿ ಹಳೆಯ ಪ್ರೊಫೈಲನ್ನು ಓದಲಿಲ್ಲ. ಫೋಟೊಗೆ ಆ ಭಯವಿಲ್ಲ. ಅಪ್‌ಡೇಟ್ ಮಾಡುವ ಮೊದಲು ವಿಂಡೋಸ್‌ನಲ್ಲಿ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ, ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಬಯೋಸ್ ಸರಿಯಾಗಿದ್ದರೂ ಡಿಸ್ಕ್ ಬಾಗಿಲು ತೆರೆಯದೆ ನಿಲ್ಲಬಹುದು.

ಮರಳುವ ದಾರಿ ಪರದೆಯಲ್ಲಿ ಇರುವುದಿಲ್ಲ, ಬೋರ್ಡಿನ ಮೇಲಿರುತ್ತದೆ. ಅಗ್ಗದ ಬೋರ್ಡ್ ಆರಿಸುವಾಗ ನಾನು ದುಡ್ಡು ಕೊಡಲು ಹಿಂಜರಿಯದ ಎರಡು ವಸ್ತುಗಳಿವೆ. ಒಂದು, ಫ್ಲ್ಯಾಶ್‌ಬ್ಯಾಕ್ ಬಟನ್. ಪ್ರೊಸೆಸರ್, ಮೆಮೊರಿ ಇಲ್ಲದಿದ್ದರೂ ವಿದ್ಯುತ್ ಮತ್ತು ಒಂದು ಪೆನ್‌ಡ್ರೈವ್ ಇದ್ದರೆ ಸಾಕು, ಇದು ಫರ್ಮ್‌ವೇರನ್ನು ಮತ್ತೆ ಬರೆಯುತ್ತದೆ. ಗಿಗಾಬೈಟ್ ಇದನ್ನು ಕ್ಯೂ-ಫ್ಲ್ಯಾಶ್ ಪ್ಲಸ್ ಎಂದು, ಎಂಎಸ್‌ಐ ಫ್ಲ್ಯಾಶ್ ಬಯೋಸ್ ಬಟನ್ ಎಂದು ಕರೆಯುತ್ತವೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿರಬೇಕು, ಕಡತಕ್ಕೆ ಕಂಪನಿ ಹೇಳಿದ ಹೆಸರನ್ನೇ ಇಡಬೇಕು. ಎರಡನೆಯದು, ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂದು ಗುರುತಿರುವ, ಕ್ರಮವಾಗಿ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್, ಡಿಸ್ಕ್‌ಗಳನ್ನು ಸೂಚಿಸುವ ನಾಲ್ಕು ಪುಟ್ಟ ದೀಪಗಳು. ಪರದೆ ಕಪ್ಪಾದಾಗ ಬೋರ್ಡ್ ಎಲ್ಲಿ ನಿಂತಿದೆ ಎಂದು ಹೇಳುವ ನಾಲಿಗೆ ಅವು. ಡಿಡಿಆರ್5 ಬಂದ ಮೇಲಂತೂ ಇವು ಬೇಕೇ ಬೇಕು. ಎಎಂ4ರ ನಂತರ ಬಂದ ಎಎಂಡಿಯ ಎಎಂ5 ಬೋರ್ಡ್‌ಗಳಲ್ಲಿ ಮೊದಲ ಸಲ ಆನ್ ಮಾಡಿದಾಗ ಮೆಮೊರಿಯನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ಹಿಡಿಯಬಹುದು. ಅಷ್ಟು ಹೊತ್ತೂ ಪರದೆಯಲ್ಲಿ ಏನೂ ಬರುವುದಿಲ್ಲ. ಡಿರ್‍ಯಾಮ್ ದೀಪ ಉರಿಯುತ್ತಿದ್ದರೆ ಕೈಕಟ್ಟಿ ಕಾಯಬೇಕು. ತಿಳಿಯದವರು ನಡುವೆ ವಿದ್ಯುತ್ ಕಿತ್ತು, ಹೊಸ ಬೋರ್ಡ್ ಸತ್ತಿದೆಯೆಂದು ಅಂಗಡಿಗೆ ಹಿಂದಿರುಗಿಸುತ್ತಾರೆ.

ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಆಸುಸ್ ಅಥವಾ ಎಂಎಸ್‌ಐ ಬೋರ್ಡ್‌ಗಳಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಅತಿ ಕಡಿಮೆ ಬೆಲೆಯದನ್ನು ಕೊಳ್ಳುತ್ತಿದ್ದೆ. ಒಮ್ಮೆ ಹೊಂದಿಸಿ ಮುಚ್ಚಿಡುವವರಿಗೆ ಎಂಎಸ್‌ಐನ ಸರಳ ಮುಖ, ಆಗಾಗ ಒಳಹೊಕ್ಕು ನೋಡುವ ಕುತೂಹಲವಿರುವವರಿಗೆ ಆಸುಸ್. ಆ ಬೆಲೆಗೆ ಇವೆರಡರಲ್ಲಿ ಬಟನ್ ಸಿಗದೆ ಗಿಗಾಬೈಟ್ ಅಥವಾ ಎಎಸ್‌ರಾಕ್‌ನಲ್ಲಿ ಸಿಗುತ್ತಿದ್ದರೆ ಎರಡನೆಯ ಮಾತಿಲ್ಲದೆ ಅವನ್ನೇ ಕೊಳ್ಳಿ. ಮೆನು ಕಷ್ಟವಾದರೆ ಹತ್ತು ನಿಮಿಷ ಹೆಚ್ಚು ಹುಡುಕುತ್ತೀರಿ, ಬಟನ್ ಇಲ್ಲದಿದ್ದರೆ ಬೋರ್ಡನ್ನೇ ಕಳೆದುಕೊಳ್ಳಬಹುದು. ಕೊಳ್ಳುವ ಮುನ್ನ ಆ ಮಾದರಿಯ ಕೈಪಿಡಿಯನ್ನು ಕಂಪನಿಯ ತಾಣದಿಂದ ಇಳಿಸಿಕೊಂಡು ಓದಿ. ಅದು ಉಚಿತ.

ಇನ್ನು ಮೂಲೆಯಲ್ಲಿರುವ ಪೆಟ್ಟಿಗೆ. ಅದು ಸತ್ತಿಲ್ಲವೆಂದೇ ನನ್ನ ನಂಬಿಕೆ. ಸಿಎಸ್‌ಎಂ ಎಂಬುದು ಹೊಸ ಫರ್ಮ್‌ವೇರ್ ಹಳೆಯ ಬಯೋಸಿನಂತೆ ನಡೆದುಕೊಳ್ಳಲು ಇರುವ ಪದರ. ಯುಇಎಫ್‌ಐ ಭಾಷೆ ಅರಿಯದ ಹಳೆಯ ಗ್ರಾಫಿಕ್ಸ್ ಕಾರ್ಡ್‌ಗಳು ಆ ಪದರದ ಮೂಲಕವೇ ಪರದೆಗೆ ಚಿತ್ರ ಕಳುಹಿಸುತ್ತವೆ. ಅದನ್ನು ಆಫ್ ಮಾಡಿದಾಗ ನಿಮ್ಮ ಕಾರ್ಡ್ ಮೂಕವಾಗಿದೆ, ಅಷ್ಟೇ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡನ್ನು ತೆಗೆದು, ಮಾನಿಟರ್ ತಂತಿಯನ್ನು ಬೋರ್ಡಿನ ಹಿಂಬದಿಯ ಜಾಗಕ್ಕೆ ಸಿಕ್ಕಿಸಿ ನೋಡಿ. ಇಲ್ಲದಿದ್ದರೆ ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಬರಿದು ಮಾಡಿ. ಬೋರ್ಡಿನ ಮೇಲೆ ಎರಡು ಪಿನ್ನುಗಳ ಪಕ್ಕ ಆಸುಸ್‌ನದಾದರೆ ಸಿಎಲ್‌ಆರ್‌ಟಿಸಿ, ಎಂಎಸ್‌ಐನದಾದರೆ ಜೆಬ್ಯಾಟ್1, ಉಳಿದೆರಡರಲ್ಲಿ ಕ್ಲಿಯರ್ ಸಿಮಾಸ್ (ಉಳಿಸಿದ ಆಯ್ಕೆಗಳನ್ನು ಅಳಿಸು) ಎಂಬ ಅರ್ಥದ ಗುರುತು ಇರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್ನುಗಳನ್ನು ಹತ್ತು ಸೆಕೆಂಡು ಸೇರಿಸಿ ಹಿಡಿಯಿರಿ. ಮೂರು ಪಿನ್ನುಗಳಿದ್ದರೆ ಅಲ್ಲಿರುವ ಟೋಪಿಯನ್ನು ಒಂದು ಸ್ಥಾನ ಸರಿಸಿ ಮತ್ತೆ ಮೊದಲಿನ ಜಾಗಕ್ಕೆ ತನ್ನಿ. ಪಿನ್ನು ಸಿಗದಿದ್ದರೆ ಸಿಆರ್2032 ಬಿಲ್ಲೆ ಬ್ಯಾಟರಿಯನ್ನು ಹತ್ತು ನಿಮಿಷ ಹೊರಗಿಡಿ. ಆ ಕಾಲದ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಸಿಎಸ್‌ಎಂ ಮೂಲ ಸ್ಥಿತಿಯಲ್ಲಿ ಆನ್ ಇರುತ್ತದೆ, ಚಿತ್ರ ಮರಳುತ್ತದೆ. ಗಡಿಯಾರ ಹಲವು ವರ್ಷ ಹಿಂದಿನ ತಾರೀಖು ತೋರಿಸಿದರೆ ಸರಿಪಡಿಸಿ ಎಫ್10 ಒತ್ತಿ. ಮತ್ತೆ ಸಿಎಸ್‌ಎಂ ಮುಟ್ಟುವ ಮೊದಲು ವಿಂಡೋಸ್ ಒಳಗೆ ಹೋಗಿ ಡಿಸ್ಕಿನ ವಿಭಾಗಪಟ್ಟಿ ಹಳೆಯ ಎಂಬಿಆರ್ ಮಾದರಿಯದೋ ಹೊಸ ಜಿಪಿಟಿ ಮಾದರಿಯದೋ ನೋಡಿಕೊಳ್ಳಿ. ಎಂಬಿಆರ್ ಆಗಿದ್ದರೆ, ಸಿಎಸ್‌ಎಂ ಆಫ್ ಮಾಡಿದ ಮೇಲೆ ಪರದೆ ಬೆಳಗಿದರೂ ವಿಂಡೋಸ್ ಶುರುವಾಗುವುದಿಲ್ಲ. ಅದನ್ನು ಜಿಪಿಟಿಗೆ ಪರಿವರ್ತಿಸುವ ಸಾಧನ ವಿಂಡೋಸ್‌ನಲ್ಲೇ ಇದೆ. ನಿಮ್ಮ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದುಕೊಂಡ ಮೇಲೆಯೇ ಅದನ್ನು ನಡೆಸಿ.